ಫೋಲ್ಡ್‌ಸ್ಕೋಪ್: ಸ್ಟ್ಯಾನ್‌ಫರ್ಡ್‌ನಿಂದ ಬಂದ ಕಾಗದದ ಮೈಕ್ರೋಸ್ಕೋಪು ಕೊಳ್ಳಬಹುದೇ, ಕೊಂಡರೆ ಬಳಸುವುದು ಹೇಗೆ?

ಫೋಲ್ಡ್‌ಸ್ಕೋಪ್ ತರಿಸಿಕೊಂಡು, ಮಡಿಸಿ, ಕಣ್ಣಿಗೆ ಹಿಡಿದು, ‘ಏನೂ ಕಾಣಿಸ್ತಾನೇ ಇಲ್ಲವಲ್ಲ’ ಎಂದು ಡ್ರಾಯರಿಗೆ ಹಾಕಿಟ್ಟವರು ಸಾಕಷ್ಟಿದ್ದಾರೆ. ಉಪಕರಣವೇ ಕೆಟ್ಟಿರುವುದು ಅಪರೂಪ. ಎಡವಟ್ಟಾಗುವುದು ಹೆಚ್ಚಾಗಿ ಸ್ಲೈಡಿನಲ್ಲಿ, ಅಂದರೆ ಮಾದರಿ ಇಡುವ ಗಾಜಿನ ಪಟ್ಟಿಯಲ್ಲಿ: ಮಾದರಿ ದಪ್ಪ, ನೀರು ಜಾಸ್ತಿ, ಇಲ್ಲವೇ ಸ್ಲೈಡು ತಿರುಗುಮುರುಗು. ಕಾಗದ ಮಡಿಸುವುದನ್ನು ಹತ್ತು ನಿಮಿಷದಲ್ಲಿ ಕಲಿಯಬಹುದು. ಸ್ಲೈಡು ಮಾಡುವುದನ್ನು ಕೂತು ಕಲಿಯಬೇಕು. ಅದಕ್ಕೆ ತಯಾರಿದ್ದವರಿಗೆ ಇದು ಕೊಟ್ಟ ದುಡ್ಡಿಗೆ ಪೂರಾ ಬೆಲೆ ಕೊಡುವ ವಸ್ತು. ಪೆಟ್ಟಿಗೆ ತೆರೆದ ಕೂಡಲೇ ಬ್ಯಾಕ್ಟೀರಿಯಾ ನೋಡಬೇಕು ಎನ್ನುವವರು ಇದನ್ನು ಕೊಳ್ಳದಿರುವುದೇ ಒಳ್ಳೆಯದು.

ಇದು ಹುಟ್ಟಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೈವಿಕ ಎಂಜಿನಿಯರಿಂಗ್ ವಿಭಾಗದಲ್ಲಿ, ಮನು ಪ್ರಕಾಶ್ ಅವರ ಪ್ರಯೋಗಾಲಯದಲ್ಲಿ. ಪ್ರಕಾಶ್ ಐಐಟಿ ಕಾನ್ಪುರದಲ್ಲಿ ಓದಿ, ಎಂಐಟಿಯಲ್ಲಿ ಡಾಕ್ಟರೇಟ್ ಮಾಡಿದವರು. ಅವರ ವಿದ್ಯಾರ್ಥಿ ಜಿಮ್ ಸಿಬುಲ್ಸ್ಕಿ ಜೊತೆಗೂಡಿ 2014ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿನ್ಯಾಸದ ಪೂರ್ತಿ ವಿವರ ಇದೆ: 70×20×2 ಮಿಲಿಮೀಟರ್ ಗಾತ್ರ, 8.8 ಗ್ರಾಂ ತೂಕ, ಬಿಡಿಭಾಗಗಳ ವೆಚ್ಚ ಒಂದು ಡಾಲರಿಗಿಂತ ಕಡಿಮೆ, ಮೂರು ಮಹಡಿಯ ಕಟ್ಟಡದಿಂದ ಬಿದ್ದರೂ ಯಾರಾದರೂ ಮೆಟ್ಟಿದರೂ ಕೆಲಸ ನಿಲ್ಲುವುದಿಲ್ಲ. ಆಮೇಲೆ ಪ್ರಯೋಗಾಲಯದಿಂದ ಹೊರಬಂದು ಫೋಲ್ಡ್‌ಸ್ಕೋಪ್ ಇನ್‌ಸ್ಟ್ರುಮೆಂಟ್ಸ್ ಎಂಬ ಕಂಪನಿಯಾಯಿತು. ನಮ್ಮ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಇದನ್ನು ಬಳಸುವ ಯೋಜನೆಗಳಿಗೆ ಹಣ ಕೊಟ್ಟಿದೆ. ಹಾಗಾಗಿ ದೇಶದ ಹಲವು ಕಾಲೇಜು, ಶಾಲೆಗಳಲ್ಲಿ ಇದು ಹೊಸದೇನಲ್ಲ.

ಕೊಳ್ಳುವವರು ಮೊದಲು ತಿಳಿದುಕೊಳ್ಳಬೇಕಾದ್ದು ಒಂದಿದೆ. ಪ್ರಬಂಧದಲ್ಲಿ 2,000 ಪಟ್ಟಿಗೂ ಹೆಚ್ಚು ವರ್ಧನೆ ಸಾಧ್ಯ ಎಂದಿದೆ. ಆ ಸಂಖ್ಯೆಯೇ ಪತ್ರಿಕೆಗಳಲ್ಲಿ, ವಿಡಿಯೋಗಳಲ್ಲಿ ಓಡಾಡುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಫೋಲ್ಡ್‌ಸ್ಕೋಪಿನ ವರ್ಧನೆ 140 ಪಟ್ಟು, ಅದು ಬೇರೆಬೇರೆಯಾಗಿ ತೋರಿಸಬಲ್ಲ ಅತಿ ಸಣ್ಣ ಅಂತರ ಸುಮಾರು 2 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಇದು ಮೋಸವಲ್ಲ, ಹೀಗಿರುವುದಕ್ಕೆ ಗಟ್ಟಿ ಕಾರಣವಿದೆ.

ಇಲ್ಲಿರುವ ಲೆನ್ಸು ಒಂದು ಪುಟ್ಟ ಗಾಜಿನ ಗುಂಡು, ಅಷ್ಟೇ. ಸುಮಾರು 2.4 ಮಿಲಿಮೀಟರ್ ವ್ಯಾಸದ ಬೋರೋಸಿಲಿಕೇಟ್ ಗಾಜಿನ ಗುಂಡಿಗೆ ನಾಭಿದೂರ, ಅಂದರೆ ಲೆನ್ಸು ಬೆಳಕನ್ನು ಒಂದೆಡೆ ಕೂಡಿಸುವ ದೂರ, ಸುಮಾರು 1.75 ಮಿಲಿಮೀಟರ್. ನಮ್ಮ ಕಣ್ಣು ಆರಾಮಾಗಿ ನೋಡುವ 250 ಮಿಲಿಮೀಟರ್ ದೂರವನ್ನು ಅದರಿಂದ ಭಾಗಿಸಿದರೆ 140ರ ಆಸುಪಾಸು ಬರುತ್ತದೆ. ನಾಭಿದೂರವನ್ನು ಅಳೆಯುವುದು ಗುಂಡಿನ ನಡುವಿನಿಂದ. ಅರ್ಧ ವ್ಯಾಸ ಕಳೆದರೆ ಗುಂಡಿನ ಮೈಗೂ ಮಾದರಿಗೂ ನಡುವೆ ಉಳಿಯುವ ಜಾಗ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು. ಮಾದರಿಯ ಮೇಲೆ ಮುಚ್ಚುವ ತೆಳು ಗಾಜಾದ ಕವರ್ ಸ್ಲಿಪ್ಪಿನ ದಪ್ಪ ಸುಮಾರು 0.15 ಮಿಲಿಮೀಟರ್, ಅಂದರೆ ಅದೂ ಅದರ ಕೆಳಗಿನ ನೀರಿನ ಪದರವೂ ಆ ಜಾಗದಲ್ಲಿ ಹಿಡಿಸುತ್ತವೆ. 2,000 ಪಟ್ಟು ದಾಟಬೇಕಾದರೆ 0.2 ಮಿಲಿಮೀಟರಿನ ಸಫೈರ್ ಗುಂಡು ಬೇಕು. ಅದೇ ಲೆಕ್ಕ ಹಾಕಿದರೆ ಅಲ್ಲಿ ಉಳಿಯುವ ಜಾಗ ಬರೀ 15 ಮೈಕ್ರಾನ್, ಅಂದರೆ 0.015 ಮಿಲಿಮೀಟರ್. ಕವರ್ ಸ್ಲಿಪ್ಪನ್ನೇ ಹಾಕುವ ಹಾಗಿಲ್ಲ. ಮಾದರಿಗೆ ಲೆನ್ಸು ತಾಗಿಯೇ ತಾಗುತ್ತದೆ, ಕೈ ಚೂರು ನಡುಗಿದರೂ ಫೋಕಸ್ ತಪ್ಪುತ್ತದೆ. ಮಕ್ಕಳ ಕೈಗೆ, ಹೊಲಗದ್ದೆಗೆ ಹೋಗುವ ವಸ್ತುವಿಗೆ 140 ಪಟ್ಟನ್ನೇ ಆರಿಸಿಕೊಂಡದ್ದು ಸರಿಯಾದ ತೀರ್ಮಾನ.

ಹಾಗಾದರೆ 140 ಪಟ್ಟಿನಲ್ಲಿ ಏನೇನು ಕಾಣುತ್ತದೆ? ವಸ್ತುವಿನ ಗಾತ್ರವನ್ನು 140ರಿಂದ ಗುಣಿಸಿ, ಬಂದಷ್ಟು ದೊಡ್ಡ ವಸ್ತುವನ್ನು ಓದುವ ದೂರದಲ್ಲಿ ಹಿಡಿದಂತೆ ಎಂದುಕೊಳ್ಳಿ. ಕೆನ್ನೆಯ ಒಳಗಿನ ಜೀವಕೋಶ 50–60 ಮೈಕ್ರಾನ್, ಅದು 7–8 ಮಿಲಿಮೀಟರಿನ ವಸ್ತುವಿನಂತೆ ಚೆನ್ನಾಗಿ ಕಾಣುತ್ತದೆ. ಕೆಂಪು ರಕ್ತಕಣ ಏಳೂವರೆ ಮೈಕ್ರಾನ್, ಅದು ಒಂದು ಮಿಲಿಮೀಟರಿನ ಚುಕ್ಕಿ. ಕಣ ಇದೆ ಎಂದು ಗೊತ್ತಾಗುತ್ತದೆ, ಅದರೊಳಗೆ ಏನಿದೆ ಎಂದು ಗೊತ್ತಾಗುವುದಿಲ್ಲ. ಒಂದೆರಡು ಮೈಕ್ರಾನಿನ ಬ್ಯಾಕ್ಟೀರಿಯಾ ಉಪಕರಣದ ಮಿತಿಯಲ್ಲೇ ಬೀಳುತ್ತದೆ. ಮೊಸರಿನಲ್ಲಿ ಬ್ಯಾಕ್ಟೀರಿಯಾ ಕಂಡಿತು ಎನ್ನುವವರು ನೋಡಿದ್ದು ಬಹುಪಾಲು ಕೊಬ್ಬಿನ ಹನಿಗಳನ್ನು. ಮಲೇರಿಯಾ ಪರಾವಲಂಬಿ ಇರುವುದು ಕೆಂಪು ಕಣದ ಒಳಗೆ. ಅದನ್ನು ಗುರುತಿಸಲು ಪ್ರಯೋಗಾಲಯದಲ್ಲಿ ಬಣ್ಣ ಹಾಕಿ, ಎಣ್ಣೆಯಲ್ಲಿ ಮುಳುಗಿಸುವ ಲೆನ್ಸಿನಿಂದ 1,000 ಪಟ್ಟಿನಲ್ಲಿ ನೋಡುತ್ತಾರೆ. ಅಂಗಡಿಯ ಫೋಲ್ಡ್‌ಸ್ಕೋಪಿನಲ್ಲಿ ರಕ್ತ ನೋಡಿ ಕಾಯಿಲೆ ಇದೆ, ಇಲ್ಲ ಎಂದು ಯಾರೂ ನಿರ್ಧರಿಸಬಾರದು.

ಜೋಡಣೆಗೆ ಬರೋಣ. ಕಾಗದ ಎಂದರೂ ಇದು ನೋಟ್‌ಬುಕ್ಕಿನ ಕಾಗದವಲ್ಲ, ನೀರು ತಾಗಿದರೆ ಹಾಳಾಗದ, ಸುಲಭವಾಗಿ ಹರಿಯದ ಸಿಂಥೆಟಿಕ್ ಹಾಳೆ. ಮಳೆಗಾಲದ ಮಲೆನಾಡಿನಲ್ಲೂ ಮೆತ್ತಗಾಗುವುದಿಲ್ಲ. ಹಾಳೆಯಲ್ಲಿ ಕೊರೆದಿಟ್ಟ ಭಾಗಗಳನ್ನು ಎಳೆಯದೆ, ಹಿಂದಿನಿಂದ ಮೆಲ್ಲಗೆ ಒತ್ತಿ ಬಿಡಿಸಿಕೊಳ್ಳಿ. ಪ್ರತಿ ಮಡಿಕೆಯನ್ನೂ ಉಗುರಿನಿಂದ ಗೀರಿ ಚೂಪಾಗಿ ಕೂರಿಸಿ. ಇಲ್ಲಿ ಸೋಮಾರಿತನ ಮಾಡಿದರೆ ಮಡಿಕೆ ಉಬ್ಬಿ, ಲೆನ್ಸಿನ ತೂತೂ ಬೆಳಕಿನ ತೂತೂ ಒಂದೇ ಗೆರೆಗೆ ಬರುವುದಿಲ್ಲ. ಆಗ ನೋಟದ ಒಂದು ಬದಿ ಕತ್ತಲೆ. ಜೋಡಿಸಿದ ಮೇಲೆ ಸ್ಲೈಡು ಹಾಕದೆ ಕಿಟಕಿಯ ಕಡೆ ಹಿಡಿದು ನೋಡಿ. ನಡುವಿನಲ್ಲಿ ಪೂರ್ತಿ ದುಂಡಗಿನ, ಒಂದೇ ಸಮನಾದ ಬೆಳಕು ಕಂಡರೆ ಜೋಡಣೆ ಸರಿ. ಅರ್ಧಚಂದ್ರ ಕಂಡರೆ ಬಿಚ್ಚಿ ಮತ್ತೆ ಮಡಿಸಿ. ಜೋಡಿಸುವಾಗ ಗಾಜಿನ ಗುಂಡನ್ನು ಬೆರಳಿನಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ಇಡೀ ನೋಟವನ್ನು ಮಂಜಾಗಿಸುತ್ತದೆ.

ನೋಡುವಾಗ ಉಪಕರಣವನ್ನು ರೆಪ್ಪೆ ತಾಗುವಷ್ಟು ಹತ್ತಿರ ಹಿಡಿಯಬೇಕು. ಬೈನಾಕ್ಯುಲರ್ ಅಭ್ಯಾಸದವರು ದೂರ ಹಿಡಿದು, ಸೂಜಿಯ ತುದಿಯಷ್ಟು ಬೆಳಕು ಮಾತ್ರ ಕಂಡು ಕೈಬಿಡುತ್ತಾರೆ. ಎರಡೂ ಹೆಬ್ಬೆರಳುಗಳಿಂದ ಪಟ್ಟಿಗಳನ್ನು ಅಕ್ಕಪಕ್ಕ, ಮೇಲೆಕೆಳಗೆ ಸರಿಸಿದರೆ ಸ್ಲೈಡಿನ ಬೇರೆಬೇರೆ ಜಾಗ ಕಾಣುತ್ತದೆ. ಫೋಕಸ್ ಪಟ್ಟಿಯನ್ನು ಹೊರಗೆಳೆದು ಒಳಗೆ ತಳ್ಳಿದರೆ ಲೆನ್ಸಿಗೂ ಸ್ಲೈಡಿಗೂ ಇರುವ ಅಂತರ ಬದಲಾಗುತ್ತದೆ. ತುಂಬಾ ನಿಧಾನ, ಕೂದಲೆಳೆಯಷ್ಟೇ ಸರಿಸಬೇಕು. ಒಂದೇ ಗುಂಡು ಲೆನ್ಸಾದ್ದರಿಂದ ನೋಟದ ನಡುಭಾಗ ಮಾತ್ರ ಚೊಕ್ಕ, ಅಂಚು ಮಸುಕು. ಇದು ಗುಂಡು ಲೆನ್ಸಿನ ಸ್ವಭಾವ. ಬೇಕಾದ ವಸ್ತುವನ್ನು ನಡುವಿಗೆ ತಂದು ನೋಡುವುದೇ ದಾರಿ.

ಬೆಳಕಿಗೆ ಹಗಲಿನ ಆಕಾಶ, ಬಿಳಿ ಗೋಡೆ ಅಥವಾ ಟ್ಯೂಬ್‌ಲೈಟು ಸಾಕು. ಸೂರ್ಯನ ಕಡೆ ನೇರ ಹಿಡಿಯಲೇಬಾರದು, ಕಣ್ಣಿಗೆ ಶಾಶ್ವತ ಹಾನಿಯಾಗಬಹುದು. ಮಕ್ಕಳಿಗೆ ಮಡಿಸುವುದನ್ನು ಹೇಳಿಕೊಡುವ ಮೊದಲೇ ಇದನ್ನು ಹೇಳಬೇಕು. ಕಾಂಡದ ಸೀಳಿನಂಥ ಸ್ವಲ್ಪ ದಪ್ಪ ಮಾದರಿಗೆ ಜೋರು ಬೆಳಕು ಬೇಕು, ಆಗ ದೊಡ್ಡ ಕಿಟ್‌ನಲ್ಲಿ ಬರುವ ಪುಟ್ಟ ಎಲ್‌ಇಡಿ ದೀಪ ಉಪಯೋಗಕ್ಕೆ ಬರುತ್ತದೆ. ಕೆರೆ ನೀರಿನ ಪಾರದರ್ಶಕ ಜೀವಿಗಳಿಗೆ ಅದೇ ಜೋರು ಬೆಳಕು ಶತ್ರು. ಎಲ್ಲ ಬೆಳ್ಳಗಾಗಿ ಆಕಾರವೇ ಮಾಯ. ಅಂಥ ಹೊತ್ತಿನಲ್ಲಿ ಕಿಟಕಿಯಿಂದ ಸ್ವಲ್ಪ ಓರೆಯಾಗಿ ತಿರುಗಿ ನೋಡಿದರೆ ಅಂಚುಗಳು ಎದ್ದು ಕಾಣುತ್ತವೆ.

ಇನ್ನು ಸ್ಲೈಡು. ಈರುಳ್ಳಿಯಿಂದಲೇ ಶುರು ಮಾಡಿ, ಏಕೆಂದರೆ ಅದರ ಪೊರೆ ಒಂದೇ ಕೋಶದಷ್ಟು ದಪ್ಪ, ಕೋಶಗಳು ಕಾಲು ಮಿಲಿಮೀಟರಿನ ಆಸುಪಾಸು ಉದ್ದ. ಈರುಳ್ಳಿಯನ್ನು ನಾಲ್ಕು ಹೋಳು ಮಾಡಿ, ಒಂದು ರಸಭರಿತ ಪದರ ತೆಗೆದು, ಅದರ ಒಳಬಾಗಿದ ಮೈಯಲ್ಲಿ ಬ್ಲೇಡಿನಿಂದ ಐದು ಮಿಲಿಮೀಟರಿನ ಚೌಕ ಗೀರಿ. ಚಿಮಟದಿಂದ ಒಂದು ಮೂಲೆ ಹಿಡಿದು ಎತ್ತಿದರೆ ಪ್ಲಾಸ್ಟಿಕ್ಕಿನಂಥ ತೆಳು ಪೊರೆ ಬರುತ್ತದೆ. ಬಿಳಿ ತಿರುಳು ಅಂಟಿಕೊಂಡು ಬಂದರೆ ಎಸೆದು ಇನ್ನೊಂದು ತೆಗೆಯಿರಿ, ಅದರಲ್ಲಿ ಏನೂ ಕಾಣುವುದಿಲ್ಲ. ಪೊರೆಯನ್ನು ನೀರಿನ ಬಟ್ಟಲಲ್ಲಿ ತೇಲಿಬಿಟ್ಟು, ಸ್ಲೈಡನ್ನು ಅದರ ಅಡಿಯಿಂದ ತಂದು ಎತ್ತಿಕೊಂಡರೆ ಸುಕ್ಕು, ಮಡಿಕೆ ಇಲ್ಲದೆ ಕೂರುತ್ತದೆ. ನೀರು ಬಸಿದು, ಮೆಡಿಕಲ್ ಶಾಪಿನಲ್ಲಿ ಸಿಗುವ ಪೊವಿಡೋನ್ ಅಯೋಡಿನ್ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಒಂದು ಹನಿ ಹಾಕಿ, ಎರಡು ನಿಮಿಷ ಬಿಡಿ. ಈಗ ಕವರ್ ಸ್ಲಿಪ್ಪಿನ ಒಂದಂಚನ್ನು ಹನಿಗೆ ತಾಗಿಸಿ, ಇನ್ನೊಂದಂಚನ್ನು ಗುಂಡುಸೂಜಿಯ ಮೇಲೆ ಆನಿಸಿ, ಸೂಜಿಯನ್ನು ಮೆಲ್ಲಗೆ ಕೆಳಗಿಳಿಸಿ. ದಢಾರನೆ ಬಿಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ದಪ್ಪ ಕಪ್ಪು ಅಂಚಿನ, ಅಚ್ಚುಕಟ್ಟಾಗಿ ದುಂಡಗಿರುವ ವೃತ್ತಗಳು ಕಂಡರೆ ಅವು ಗಾಳಿಗುಳ್ಳೆಗಳು, ಕೋಶಗಳಲ್ಲ. ತರಗತಿಯಲ್ಲಿ ಅತಿ ಹೆಚ್ಚು ಮಕ್ಕಳು ಚಿತ್ರ ಬರೆಯುವುದು ಇವುಗಳದೇ.

ಹನಿಯ ಲೆಕ್ಕ ಮುಖ್ಯ. ಡ್ರಾಪರಿನ ಒಂದು ಹನಿ ಸುಮಾರು 0.05 ಮಿಲಿಲೀಟರ್. ಅದು 22 ಮಿಲಿಮೀಟರ್ ಚೌಕದ ಕವರ್ ಸ್ಲಿಪ್ಪಿನ ಕೆಳಗೆ ಹರಡಿದರೆ ಪದರದ ದಪ್ಪ ಸುಮಾರು 0.1 ಮಿಲಿಮೀಟರ್. ಮೂರ್ನಾಲ್ಕು ಹನಿ ಹಾಕಿದರೆ ಕವರ್ ಸ್ಲಿಪ್ ತೇಲುತ್ತದೆ, ನೀರು ಅಂಚಿನಿಂದ ಹೊರಬಂದು ಮೇಲೆ ಹತ್ತಿ ಗುಂಡಿಗೆ ತಾಗುತ್ತದೆ. ಗುಂಡಿಗೆ ನೀರು ತಾಗಿತೆಂದರೆ ಅದರ ವರ್ಧನೆಯೇ ಕುಸಿದು ನೋಟ ಪೂರ್ತಿ ಕಲಸಿಹೋಗುತ್ತದೆ. ‘ಇಷ್ಟು ಹೊತ್ತು ಕಾಣ್ತಿತ್ತು, ಈಗ ಇಲ್ಲ’ ಎಂಬ ದೂರಿಗೆ ಹತ್ತರಲ್ಲಿ ಎಂಟು ಸಲ ಇದೇ ಕಾರಣ ಎಂದುಕೊಂಡು ಮೊದಲು ಇದನ್ನೇ ಪರೀಕ್ಷಿಸಿ. ಕವರ್ ಸ್ಲಿಪ್ಪಿನ ಅಂಚಿಗೆ ಟಿಶ್ಯೂ ಕಾಗದ ತಾಗಿಸಿ ಹೆಚ್ಚುವರಿ ನೀರು ಹೀರಿಸಿದ ಮೇಲೇ ಸ್ಲೈಡನ್ನು ಒಳಗೆ ತೂರಿಸಬೇಕು. ತೂರಿಸುವಾಗ ಕವರ್ ಸ್ಲಿಪ್ ಇರುವ ಮೈ ಲೆನ್ಸಿನ ಕಡೆ, ಅಂದರೆ ಕಣ್ಣಿನ ಕಡೆ ಇರಬೇಕು. ಸ್ಲೈಡಿನ ಗಾಜು ಒಂದು ಮಿಲಿಮೀಟರ್ ದಪ್ಪ. ತಿರುಗಿಸಿ ಹಾಕಿದರೆ ಮಾದರಿ ಲೆನ್ಸಿನ ಕೈಗೆ ಎಟುಕುವುದೇ ಇಲ್ಲ, ಫೋಕಸ್ ಪಟ್ಟಿ ಎಷ್ಟು ಎಳೆದಾಡಿದರೂ ವ್ಯರ್ಥ.

ಕೆರೆ ನೀರು ನೋಡುವವರು ತಿಳಿನೀರನ್ನು ಬಾಟಲಿಗೆ ತುಂಬಿಕೊಂಡು ಬಂದು ನಿರಾಶರಾಗುತ್ತಾರೆ. ಜೀವಿಗಳು ಗುಂಪಾಗಿರುವುದು ಜಲಸಸ್ಯದ ಬೇರಿನಲ್ಲಿ, ಕಲ್ಲಿನ ಮೇಲಿನ ಪಾಚಿಯಲ್ಲಿ, ಕೊಳೆತ ಎಲೆಯ ಅಡಿಯಲ್ಲಿ. ಒಂದು ಹಿಡಿ ಪಾಚಿಯನ್ನು ಬಟ್ಟಲಿಗೆ ಹಿಂಡಿ, ಅಡಿಯಲ್ಲಿ ನಿಂತ ಕಂದು ಕೆಸರಿನಿಂದ ಒಂದು ಹನಿ ತೆಗೆಯಿರಿ. ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿ ಕಾಲು ಮಿಲಿಮೀಟರಿನಷ್ಟು ಇರುತ್ತದೆ, ಆದರೆ ನೋಟದಿಂದ ಕ್ಷಣದಲ್ಲಿ ಓಡಿಹೋಗುತ್ತದೆ. ಹತ್ತಿಯ ನಾಲ್ಕೈದು ಎಳೆಗಳನ್ನು ಹನಿಯಲ್ಲಿ ಹರಡಿ ಕವರ್ ಸ್ಲಿಪ್ ಹಾಕಿದರೆ ಅದು ಎಳೆಗಳ ನಡುವೆ ಸಿಕ್ಕಿ ಅಲ್ಲೇ ಸುತ್ತುತ್ತದೆ. ಹತ್ತಿ ಉಂಡೆಯಾಗಿದ್ದರೆ ಕವರ್ ಸ್ಲಿಪ್ ಎತ್ತರವಾಗಿ ಲೆನ್ಸಿಗೆ ಬಡಿಯುತ್ತದೆ, ಎಳೆ ಬಿಡಿಸಿಯೇ ಹಾಕಬೇಕು. ರೋಟಿಫರ್ ಎಂಬ ಸೂಕ್ಷ್ಮ ಜಲಜೀವಿ ಸಿಕ್ಕಿದರೆ ಬಿಡಬೇಡಿ. ತಲೆಯ ಮೇಲಿನ ರೋಮಗಳ ಎರಡು ವೃತ್ತಗಳು ಚಕ್ರ ತಿರುಗಿದಂತೆ ಕಾಣುತ್ತವೆ, ಅದರ ಕೆಳಗೆ ಅಗಿಯುವ ಅಂಗ ಮಿಡಿಯುತ್ತಿರುವುದು ಈ ಒಂದೇ ಗುಂಡಿನಲ್ಲೂ ಗೊತ್ತಾಗುತ್ತದೆ. ಇದನ್ನು ಕಾಣಿಸಿಕೊಡುವ ಉಪಕರಣವನ್ನು ಆಟಿಕೆ ಎನ್ನಲು ನಮಗೆ ಮನಸ್ಸಿಲ್ಲ.

ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಇದರಿಂದ ನೇರ ಉಪಯೋಗವಿದೆ. ಎಲೆ ತುಕ್ಕು ರೋಗ ತರುವ ಹೆಮಿಲಿಯಾ ವಸ್ಟಾಟ್ರಿಕ್ಸ್ ಶಿಲೀಂಧ್ರದ ಬೀಜಕಗಳು ಉದ್ದಕ್ಕೆ 26–40, ಅಗಲಕ್ಕೆ 18–28 ಮೈಕ್ರಾನ್. 140 ಪಟ್ಟಿಗೆ ಹೇಳಿ ಮಾಡಿಸಿದ ಗಾತ್ರ. ಎಲೆಯ ಅಡಿಮೈಯ ಕಿತ್ತಳೆ ಪುಡಿಯ ಮೇಲೆ ಪಾರದರ್ಶಕ ಸೆಲ್ಲೋಟೇಪನ್ನು ಮೆಲ್ಲಗೆ ಒತ್ತಿ ಎತ್ತಿ. ಸ್ಲೈಡಿನ ಮೇಲೆ ನೀರು ಮತ್ತು ಗ್ಲಿಸರಿನ್ ಸಮಪಾಲು ಬೆರೆಸಿದ ಸಣ್ಣ ಹನಿ ಇಟ್ಟು, ಅಂಟಿನ ಮೈ ಕೆಳಗಾಗುವಂತೆ ಟೇಪನ್ನು ಅದರ ಮೇಲೆ ಅಂಟಿಸಿ. ಹನಿ ಹಾಕದೆ ಒಣದಾಗಿ ನೋಡಿದರೆ ಬೀಜಕಗಳು ಬರೀ ಕಪ್ಪು ಕಾಳುಗಳಾಗಿ ಕಾಣುತ್ತವೆ. ಹನಿಯಲ್ಲಿ ಅವುಗಳ ಕಿತ್ತಳೆ ಬಣ್ಣ, ಒಂದು ಬದಿ ಉಬ್ಬಿ ಇನ್ನೊಂದು ಬದಿ ಚಪ್ಪಟೆಯಾದ ಆಕಾರ ತಿಳಿಯುತ್ತದೆ. ಬೀಜಕದ ಅರ್ಧ ಮೈಯಲ್ಲಿ ಮಾತ್ರ ಇರುವ ಮುಳ್ಳುಗಳನ್ನು ಸ್ಪಷ್ಟವಾಗಿ ನೋಡಬೇಕಾದರೆ ಕಾಲೇಜಿನ ಮೈಕ್ರೋಸ್ಕೋಪಿನ 400 ಪಟ್ಟಿಗೇ ಹೋಗಬೇಕು. ಹಳದಿ ಚುಕ್ಕೆ ತುಕ್ಕಿನದೋ ಬೇರೆಯದೋ ಎಂಬ ಅನುಮಾನ ಬಂದಾಗ ತೋಟದಲ್ಲೇ ನಿಂತು ಒಂದು ಹಂತಕ್ಕೆ ತೀರ್ಮಾನಿಸಲು ಇಷ್ಟು ಸಾಕು. ಔಷಧಿ ಸಿಂಪಡಣೆಯ ಮಾತು ಬಂದಾಗ ತಜ್ಞರ ಅಭಿಪ್ರಾಯ ಬೇಕೇ ಬೇಕು. ಜೇನು ಸಾಕುವವರು ಮಾತ್ರ ಜೇನುಹುಳುಗಳಿಗೆ ರೋಗ ತರುವ ನೊಸೀಮಾ ಪರಾವಲಂಬಿಯ ಪತ್ತೆಗೆ ಇದನ್ನು ನಂಬಬೇಡಿ. ಅದರ ಬೀಜಕ ಐದಾರು ಮೈಕ್ರಾನ್ ಅಷ್ಟೇ, ಇಲ್ಲಿ ಅದೂ ಒಂದೇ, ಕಸದ ಚುಕ್ಕಿಯೂ ಒಂದೇ.

ಆಯಸ್ಕಾಂತದ ಬಳೆಯಿಂದ ಮೊಬೈಲಿಗೆ ಅಂಟಿಸುವ ವ್ಯವಸ್ಥೆ ಈ ಉಪಕರಣದ ಅತ್ಯಂತ ಜಾಣ ಭಾಗ. ಒಬ್ಬರು ಮಾತ್ರ ನೋಡುವುದನ್ನು ಇಡೀ ತರಗತಿ ನೋಡಬಹುದು. ಮೂರು ನಾಲ್ಕು ಕ್ಯಾಮೆರಾ ಇರುವ ಫೋನುಗಳಲ್ಲಿ ಬಳೆಯನ್ನು ಮುಖ್ಯ ಕ್ಯಾಮೆರಾಕ್ಕೇ ಅಂಟಿಸಬೇಕು. ಯಾವುದು ಮುಖ್ಯ ಎಂದು ಗೊತ್ತಿಲ್ಲದಿದ್ದರೆ ಜೂಮನ್ನು 1 ಪಟ್ಟಿಗೆ ಇಟ್ಟು, ಒಂದೊಂದನ್ನೇ ಬೆರಳಿನಿಂದ ಮುಚ್ಚಿ ನೋಡಿ. ಹತ್ತಿರದ ವಸ್ತು ಎಂದುಕೊಂಡು ಫೋನು ತಾನಾಗಿಯೇ ಬೇರೆ ಕ್ಯಾಮೆರಾಕ್ಕೆ ಹಾರುವುದುಂಟು. ಪ್ರೊ ಮೋಡಿನಲ್ಲಿ ಕ್ಯಾಮೆರಾ ಖಾಯಂ ಮಾಡಿ, ಫೋಕಸನ್ನು ಅನಂತಕ್ಕೆ ಇಟ್ಟು, ಆಮೇಲೆ ಫೋಲ್ಡ್‌ಸ್ಕೋಪಿನ ಪಟ್ಟಿಯಿಂದಲೇ ಫೋಕಸ್ ಮಾಡಿ. ಫೋನೂ ಫೋಕಸ್ ಮಾಡುತ್ತಾ ನೀವೂ ಮಾಡುತ್ತಿದ್ದರೆ ಚಿತ್ರ ನಿಲ್ಲುವುದೇ ಇಲ್ಲ. ಓಡಾಡುವ ಜೀವಿಗೆ ಶಟರ್ ವೇಗ 1/250 ಸೆಕೆಂಡ್ ಅಥವಾ ಅದಕ್ಕಿಂತ ಚುರುಕು. ಫೋನಿನಲ್ಲಿ ಜೂಮ್ ಎಷ್ಟು ಮಾಡಿದರೂ 2 ಮೈಕ್ರಾನಿನ ಮಿತಿ ಹಾಗೇ ಉಳಿಯುತ್ತದೆ, ಚಿತ್ರ ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರ ಬರುವುದಿಲ್ಲ. ಅಲುಗಾಟ ತಡೆಯುವ ಲೆನ್ಸಿರುವ ಫೋನುಗಳಿಗೆ ಆಯಸ್ಕಾಂತ ಹತ್ತಿರವಿದ್ದಾಗ ಚಿತ್ರ ಕಂಪಿಸಬಹುದು, ಕೆಲಸ ಮುಗಿದ ಕೂಡಲೇ ತೆಗೆದಿಡಿ.

ಅಳತೆಗೂ ಇದೇ ಫೋನು ಸಾಕು. ಅರ್ಧ ಮಿಲಿಮೀಟರಿನ ಚೌಕಳಿಯನ್ನು ಕಂಪ್ಯೂಟರಿನಲ್ಲಿ ಮಾಡಿ, ಜೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಓಎಚ್‌ಪಿ ಹಾಳೆಯ ಮೇಲೆ ಲೇಸರ್ ಪ್ರಿಂಟ್ ಹಾಕಿಸಿ, ಸ್ಲೈಡಿನ ಅಳತೆಗೆ ಕತ್ತರಿಸಿ. ಅಚ್ಚಾದ ಮೈ ಲೆನ್ಸಿನ ಕಡೆಗಿರಲಿ. ಫೋಟೋ ತೆಗೆದು, ಒಂದು ಗೆರೆಯ ಎಡ ಅಂಚಿನಿಂದ ಮುಂದಿನ ಗೆರೆಯ ಎಡ ಅಂಚಿನವರೆಗೆ ಎಷ್ಟು ಪಿಕ್ಸೆಲ್ ಎಂದು ಅಳೆಯಿರಿ. 1,000 ಪಿಕ್ಸೆಲ್ ಬಂದರೆ ಒಂದು ಪಿಕ್ಸೆಲ್ ಅರ್ಧ ಮೈಕ್ರಾನ್. ಮುಂದೆ ಅದೇ ಫೋನಿನಲ್ಲಿ, ಅದೇ ಜೂಮಿನಲ್ಲಿ ತೆಗೆದ ದಾಸವಾಳದ ಪರಾಗ 280 ಪಿಕ್ಸೆಲ್ ಇದ್ದರೆ ಅದರ ಅಡ್ಡಳತೆ 140 ಮೈಕ್ರಾನ್. ಜೂಮ್ ಬದಲಾಯಿಸಿದರೆ ಮತ್ತೆ ಮೊದಲಿನಿಂದ ಅಳೆಯಬೇಕು. ಪ್ರಿಂಟ್ ಹಾಕಿಸುವಾಗ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ತೆಗೆದುಹಾಕಿ, ಇಲ್ಲವಾದರೆ ಚೌಕಳಿಯೇ ಹಿಗ್ಗಿ ಕುಗ್ಗಿ ಎಲ್ಲ ಲೆಕ್ಕ ತಪ್ಪುತ್ತದೆ. ಹತ್ತು ಸೆಂಟಿಮೀಟರಿನ ಒಂದು ಗೆರೆಯನ್ನೂ ಜೊತೆಗೆ ಅಚ್ಚು ಹಾಕಿಸಿ ಸ್ಕೇಲಿನಿಂದ ತಾಳೆ ನೋಡುವುದು ಒಳ್ಳೆಯದು.

ಇದೇ ಪ್ರಯೋಗಾಲಯ 2017ರಲ್ಲಿ ಕಾಗದದ ಬಿಲ್ಲೆ ಮತ್ತು ದಾರದಿಂದ ಕೈಯಲ್ಲೇ ತಿರುಗಿಸುವ ಸೆಂಟ್ರಿಫ್ಯೂಜನ್ನೂ, ಅಂದರೆ ವೇಗವಾಗಿ ತಿರುಗಿಸಿ ದ್ರವದ ಭಾಗಗಳನ್ನು ಬೇರ್ಪಡಿಸುವ ಉಪಕರಣವನ್ನೂ, ಮಾಡಿ ತೋರಿಸಿತು. ಪೇಪರ್‌ಫ್ಯೂಜ್ ಎಂದು ಅದರ ಹೆಸರು. ಅಂಗಿಯ ಗುಂಡಿಗೆ ದಾರ ಪೋಣಿಸಿ ಎಳೆದು ತಿರುಗಿಸುವ ಹಳೆಯ ಆಟದ ತತ್ವವೇ ಅದರದು. ನಿಮಿಷಕ್ಕೆ 1,25,000 ಸುತ್ತು, ಒಂದೂವರೆ ನಿಮಿಷದಲ್ಲಿ ರಕ್ತದಿಂದ ಪ್ಲಾಸ್ಮಾ ಬೇರೆ. ಅದನ್ನು ನೋಡಿ ಮನೆಯಲ್ಲಿ ರಕ್ತದ ಪ್ರಯೋಗಕ್ಕೆ ಇಳಿಯಬೇಡಿ. ಸೂಜಿ, ಸೋಂಕು, ತ್ಯಾಜ್ಯ ಇವೆಲ್ಲ ಪ್ರಯೋಗಾಲಯದ ಶಿಸ್ತು ಬೇಡುವ ವಿಷಯ.

ಬಾಳಿಕೆಯ ಬಗ್ಗೆ ಹೇಳುವುದಾದರೆ, ಹಾಳೆಗಿಂತ ಮೊದಲು ಸೋಲುವುದು ಮಡಿಕೆಗಳ ಬಿಗಿ. ತುಂಬ ಬಳಸಿದ ಮೇಲೆ ಪಟ್ಟಿಗಳು ಸಡಿಲವಾಗಿ, ಕೈಬಿಟ್ಟ ಕೂಡಲೇ ಫೋಕಸ್ ಜಾರುತ್ತದೆ. ಗುಂಡಿನ ಮೇಲೆ ಕಲೆಯಾದರೆ ಶುದ್ಧ ನೀರಿನಲ್ಲಿ ಚೂರೇ ಒದ್ದೆ ಮಾಡಿದ ಇಯರ್ ಬಡ್ಡಿನಿಂದ ಒರೆಸಿ, ಒಣ ಬಡ್ಡಿನಿಂದ ಮತ್ತೊಮ್ಮೆ. ಅಂಗಿಯ ತುದಿ ಬೇಡ, ಧೂಳಿನ ಕಣ ಗಾಜನ್ನು ಗೀರುತ್ತದೆ. ಕರಾವಳಿ, ಮಲೆನಾಡಿನಲ್ಲಿ ತೇವದಿಂದ ಲೆನ್ಸಿನ ಮೇಲೆ ಬೂಸು ಹಿಡಿಯದಂತೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಎಲ್‌ಇಡಿಯ ಬಟನ್ ಬ್ಯಾಟರಿ ಮತ್ತು ಪುಟ್ಟ ಆಯಸ್ಕಾಂತಗಳನ್ನು ಎಳೆಯ ಮಕ್ಕಳು ನುಂಗಿದರೆ ಪ್ರಾಣಕ್ಕೇ ಕುತ್ತು, ಎಣಿಸಿ ಕೊಟ್ಟು ಎಣಿಸಿ ವಾಪಸ್ ಪಡೆಯಿರಿ.

ಯಾವ ಕಿಟ್ ಕೊಳ್ಳಬೇಕು? ಒಬ್ಬರಿಗೇ ಆದರೆ ಎಲ್‌ಇಡಿ, ಗಾಜಿನ ಸ್ಲೈಡು, ಚಿಮಟ, ಡ್ರಾಪರ್ ಜೊತೆಗಿರುವ ದೊಡ್ಡ ಕಿಟ್ ಕೊಳ್ಳಿ. ಬರೀ ಹಾಳೆ ಮತ್ತು ಲೆನ್ಸು ಬಂದರೆ ಮೊದಲ ದಿನವೇ ಸಾಮಾನಿಗೆ ಪರದಾಡಬೇಕಾಗುತ್ತದೆ. ಶಾಲೆಗೆ ಸಗಟಾಗಿ ಬರುವ ಸಾದಾ ಕಿಟ್‌ಗಳೇ ಸರಿ. ಇಬ್ಬರಿಗೆ ಒಂದು, ತರಗತಿಗೆ ಎರಡು ಎಲ್‌ಇಡಿ ಸಾಕು. ಶಾಲೆಯಲ್ಲಿ ಈಗಾಗಲೇ ಒಂದು ಕಬ್ಬಿಣದ ಮೈಕ್ರೋಸ್ಕೋಪ್ ಇದ್ದರೆ ಅದನ್ನು ಮೂಲೆಗೆ ಸರಿಸಬೇಡಿ. ಮಕ್ಕಳು ಫೋಲ್ಡ್‌ಸ್ಕೋಪಿನಲ್ಲಿ ತಾವೇ ಮಾಡಿದ ಸ್ಲೈಡುಗಳಲ್ಲಿ ಒಳ್ಳೆಯದನ್ನು ಆರಿಸಿ, ಅದರ 400 ಪಟ್ಟಿನಲ್ಲಿ ತೋರಿಸಿ. ಹಾಗೆಯೇ ಆರ್ಡರ್ ಮಾಡುವಾಗ ಪ್ರಯೋಗಾಲಯ ಸಾಮಗ್ರಿಯ ಅಂಗಡಿಯಿಂದ ನೂರು ಕವರ್ ಸ್ಲಿಪ್ಪಿನ ಒಂದೆರಡು ಡಬ್ಬಿ, ಕೋಶಗಳಿಗೆ ಬಣ್ಣ ಹಾಕುವ ಮೆಥಿಲೀನ್ ಬ್ಲೂ ಒಂದು ಸಣ್ಣ ಬಾಟಲಿ ಜೊತೆಗೇ ತರಿಸಿಕೊಳ್ಳಿ. ಮೂವತ್ತು ಮಕ್ಕಳ ತರಗತಿಯಲ್ಲಿ ಮೊದಲು ಖಾಲಿಯಾಗುವುದು ಕವರ್ ಸ್ಲಿಪ್ಪು.